ಮೂರು ಶುಕ್ರವಾರದ ಮೌನಿ

ಲೊಕ್ಮೆರೆನ್
ಸೋಮವಾರ, ೮ ನವೆಂಬರ್ ೧೯೭೧

ಪ್ರೀತಿಯ ತ್ರೆಫಿನ್,

ಸತ್ತವರ ಹಬ್ಬದ ದಿನ ಅಪ್ಪ ಅಮ್ಮನ ಗೋರಿ ತೊಳೆದು ಸೇವಂತಿಗೆ ಇಟ್ಟು ಬಂದೆ. ನಿನ್ನ ಪಾಲಿನ ಕುಂಡವನ್ನೂ ನಾನೇ ಇಟ್ಟೆ. ಪ್ರತಿ ವರ್ಷ ನೀನು ಹೂವಿನ ಬಗ್ಗೆ ಒಂದು ಸಾಲಾದರೂ ಬರೆಯುತ್ತಿದ್ದೆ, ಈ ಸಲ ಅದೂ ಇಲ್ಲ. ಪತ್ರವನ್ನು ಅಂಚೆಯವನು ಎಲ್ಲೋ ಬೀಳಿಸಿರಬೇಕು ಎಂದುಕೊಂಡೆ. ಆಮೇಲೆ, ಬೀಳಿಸಿದವನು ನಿನ್ನ ಗಂಡನೇ ಇರಬೇಕು ಎಂದೂ ಅನ್ನಿಸಿತು.

ಇರಲಿ. ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಊರಿಗೆ ಒಬ್ಬ ಬಂದಿದ್ದಾನೆ.

ಬೇಸಿಗೆಯಲ್ಲಿ ಬರುವವರಾಗಿದ್ದರೆ ನಾನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅವರು ಬರುತ್ತಾರೆ, ಚೌಕದ ಬಾವಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಮ್ಮ ಕಲ್ಲಿನ ಮನೆಗಳ ಗೋಡೆ ಸವರುತ್ತಾರೆ. ಹೋದ ಆಗಸ್ಟಿನಲ್ಲಿ ಒಬ್ಬಳು ನನ್ನ ಕಿಟಕಿಯೊಳಗೆ ಇಣುಕಿ, "ಇಲ್ಲಿ ಈಗಲೂ ಜನ ವಾಸ ಮಾಡ್ತಾರಾ?" ಎಂದು ಗಂಡನನ್ನು ಕೇಳಿದಳು. ಒಳಗೆ ನಾನು ಆಲೂಗಡ್ಡೆ ಸುಲಿಯುತ್ತಾ ಕೂತಿದ್ದೆ. "ಇಲ್ಲಮ್ಮಾ, ನಾವೆಲ್ಲಾ ಸತ್ತು ನಾನೂರು ವರ್ಷ ಆಯ್ತು" ಎಂದೆ. ಅಂಥವರಿಂದ ಭಯವಿಲ್ಲ. ಆದರೆ ನವೆಂಬರಿನಲ್ಲಿ ಲೊಕ್ಮೆರೆನ್ನಿಗೆ ಯಾರೂ ಬರುವುದಿಲ್ಲ. ನವೆಂಬರಿನಲ್ಲಿ ಬಂದವನಿಗೆ ಏನೋ ಉದ್ದೇಶ ಇದ್ದೇ ಇರುತ್ತದೆ.

ಗುರುವಾರದ ಬಸ್ಸಿನಲ್ಲಿ ಇಳಿದು ನೇರ ನನ್ನ ಮನೆಯ ಎದುರು ಫಾಂತಿಗ್ ನಡೆಸುವ ಹೋಟೆಲಿಗೆ ಹೋದ. ಕಾಲು ಒರೆಸಿಕೊಂಡು ಬಂದರೆ ಸೈತಾನನಿಗೂ ಕೋಣೆ ಕೊಡುವವಳು ಅವಳು. ಶುಕ್ರವಾರ ಬೆಳಗಾಗುತ್ತಲೇ ನನ್ನ ಬಾಗಿಲಲ್ಲಿ ನಿಂತಿದ್ದ. ಬಾಗಿಲ ಚೌಕಟ್ಟು ತುಂಬುವಷ್ಟು ದಪ್ಪ ಆಳು, ಅರವತ್ತರ ಆಸುಪಾಸು. ಟೋಪಿ ಕೈಯಲ್ಲಿ. ಒಂದು ಮಾತಿಲ್ಲ. ಗಾಳಿಯಲ್ಲಿ ಬೀಗ ತೆಗೆಯುವವನ ಹಾಗೆ ಕೈ ತಿರುಗಿಸಿದ. ಅವನ ಮುಂಗೈ ಮೇಲೆ ಹಚ್ಚೆ ಹಾಕಿಸಿದ ಮತ್ಸ್ಯಕನ್ಯೆ, ಮೈಮೇಲೆ ನೂಲಿನ ಎಳೆಯೂ ಇಲ್ಲ. ಅವನು ಕೈ ತಿರುಗಿಸಿದಾಗ ಅವಳು ಸೊಂಟ ಕುಣಿಸಿದಳು.

"ಯಾರಪ್ಪಾ ನೀನು? ಎಲ್ಲಿಯೋನು? ನಾಲಿಗೆ ಊರಲ್ಲೇ ಬಿಟ್ಟು ಬಂದ್ಯಾ?" ಎಂದೆ.

ತಲೆ ಬಗ್ಗಿಸಿದ. ಮತ್ತೆ ಕೈ ತಿರುಗಿಸಿದ. ಕೊಟ್ಟೆ. ಕೊಡದೆ ಏನು ಮಾಡಲಿ? ಗುಡಿಯ ಬೀಗದ ಕೈ ಪಕ್ಕದ ಮನೆಯ ಮೊಳೆಯಲ್ಲಿರಬೇಕು, ಕೇಳಿದವರಿಗೆ ಕೊಡಬೇಕು, ಇದು ಅಜ್ಜಿಯ ಕಾಲದಿಂದ ನಮ್ಮ ಮನೆ ನಡೆಸಿಕೊಂಡು ಬಂದದ್ದು. ಆದರೆ ಅಜ್ಜಿಯ ಕಾಲದಲ್ಲಿ ಸಂತರ ಮರದ ಮೂರ್ತಿಗಳನ್ನು ಯಾರೂ ಕದಿಯುತ್ತಿರಲಿಲ್ಲ. ಹೋದ ಈಸ್ಟರ್ ಹೊತ್ತಿಗೆ ಹೊಳೆಯಾಚೆಯ ಗುಡಿಯಿಂದ ಇಬ್ಬರು ಸಂತರು ಮಾಯವಾದದ್ದನ್ನು ನಿನಗೆ ಬರೆದಿದ್ದೆ. ಅವರೆಲ್ಲ ದಕ್ಷಿಣದ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗಿ ಶ್ರೀಮಂತರ ಮನೆಯ ದೀಪದ ಕಂಬ ಆಗುತ್ತಾರಂತೆ. ಅಲ್ಲಿ ನಿನ್ನ ಗಂಡ ಒನೊರೆಯ ಅಂಥದ್ದೇ ಅಂಗಡಿಯಲ್ಲಿ ಈಚೆಗೆ ಹೊಸದೇನು ಬಂದಿದೆ? ಸುಮ್ಮನೆ ಕೇಳಿದೆ.

ಬಂದವನು ಗುಡಿಯನ್ನು ಮೂರು ಸುತ್ತು ಸುತ್ತಿದ. ಕುಂಟುತ್ತಾ, ಅಂಗೈಯನ್ನು ಗೋಡೆಗೆ ಒತ್ತಿಕೊಂಡು, ಎಲ್ಲಿ ಕಲ್ಲು ಸಡಿಲ ಇದೆ ಎಂದು ನೋಡುವವನ ಹಾಗೆ. ಆಮೇಲೆ ಒಳಗೆ ಹೋಗಿ ಸಂತ ಮೆರೆನ್ನನ ಮುಂದೆ ಬಹಳ ಹೊತ್ತು ನಿಂತ. ನಮ್ಮ ಸಂತನಲ್ಲಿ ನೋಡಲು ಏನಿದೆ ಹೇಳು? ಮೂಗು ಹೋಗಿದೆ, ಎಡಗೈ ಹುಳ ತಿಂದಿದೆ. ಹಿಂದೆ ಯಾರಾದರೂ ಸಾಯಲಾರದೆ ಬದುಕಲಾರದೆ ಒದ್ದಾಡುತ್ತಿದ್ದರೆ ಅವರ ಕಡೆಯವರು ಬಂದು ಈ ಕಡೆಯೋ ಆ ಕಡೆಯೋ ತೀರಿಸಪ್ಪಾ ಎಂದು ಬೇಡುತ್ತಿದ್ದರು. ಈಗ ಆ ಕೆಲಸ ಡಾಕ್ಟರುಗಳದ್ದು. ಇಪ್ಪತ್ತು ವರ್ಷದಿಂದ ಒಬ್ಬರೂ ಬಂದಿಲ್ಲ.

ಆದರೂ ಅವನು ನಮ್ಮ ಪಾಲಿಗೆ ಬಂದ ಸಂತ. ಬೀಗದ ಕೈ ನನ್ನ ಹತ್ತಿರ ಇರುವಾಗ ಅವನು ಹೋದರೆ ನಾನು ಈ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಕ್ರಿಸ್‌ಮಸ್ಸಿಗಾದರೂ ಬರುತ್ತೀಯಾ ಇಲ್ಲವಾ ಬರೆ.

ನಿನ್ನ ಅಕ್ಕ,
ಬಾರ್ಬಾ


ಮಾರ್ಸೇ
ಗುರುವಾರ, ೧೧ ನವೆಂಬರ್

ಅಕ್ಕಾ,

ಹೂವಿನ ಬಗ್ಗೆ ಬರೆಯಲಿಲ್ಲ, ಹೊಟ್ಟೆಗೆ ಹಾಕಿಕೊ. ಕೈ ಸ್ವಲ್ಪ ನಡುಗುತ್ತದೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬೇಡ. ಮುಂದಿನ ಪತ್ರವನ್ನು ಲಕೋಟೆಯ ಹಿಂದೆ ಬರೆದಿರುವ ಹೊಸ ವಿಳಾಸಕ್ಕೆ ಹಾಕು. ಇದು ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಬಿಳೀ ಕಟ್ಟಡ, ಗಾಳಿ ಚೆನ್ನಾಗಿದೆ. ಕೆಲವು ವಾರ ಇಲ್ಲೇ ಇರು ಎಂದು ಒನೊರೆ ಹಠ ಹಿಡಿದ. ಊಟಕ್ಕೆ ಉಪ್ಪೇ ಹಾಕುವುದಿಲ್ಲ, ಬೆಣ್ಣೆಯ ಸುದ್ದಿಯೇ ಇಲ್ಲ. ಉಪ್ಪು ಬೆಣ್ಣೆ ತಿಂದು ಬೆಳೆದವಳ ಗತಿ ನೋಡಿ ನಿನಗೆ ನಗು ಬರಬೇಕು.

ಆ ಮನುಷ್ಯನಿಗೆ ಬೀಗದ ಕೈ ಕೊಡು ಅಕ್ಕ. ಅಷ್ಟು ದೂರದಿಂದ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಡ. ಆಗುವುದಾದರೆ ಒಂದು ಬಟ್ಟಲು ಸೂಪ್ ಕೊಡು.

ಮಲಗಿ ಮಲಗಿ ಹಳೆಯದೆಲ್ಲ ನೆನಪಾಗುತ್ತದೆ. ಅಮ್ಮ ಬೇರೆಯವರ ಪರವಾಗಿ ಹರಕೆ ನಡೆಯಲು ಹೋಗುತ್ತಿದ್ದಳಲ್ಲ, ಹಾಸಿಗೆ ಹಿಡಿದವರು ತಾವು ಹೋಗಲಾರದೆ ಅವಳನ್ನು ಕಳಿಸುತ್ತಿದ್ದರಲ್ಲ, ಅದು. ಮನೆ ಬಿಟ್ಟಾಗಿನಿಂದ, ಎಲ್ಲ ಮುಗಿಸಿ ಕಳಿಸಿದವರ ಹೊಸ್ತಿಲು ತುಳಿಯುವವರೆಗೆ ಅವಳು ತುಟಿ ಬಿಚ್ಚುತ್ತಿರಲಿಲ್ಲ. ನೀನು ಕಚಗುಳಿ ಇಡುತ್ತಿದ್ದೆ, ನಾನು ಹಿಂದಿನಿಂದ ಬೆಕ್ಕಿನ ಹಾಗೆ ಕೂಗುತ್ತಿದ್ದೆ. ಒಂದು ದಿನವೂ ನಗಲಿಲ್ಲ ಅಮ್ಮ. ಯಾರಿಗಾಗಿ ಎಂದು ಅವಳೂ ಹೇಳುವಂತಿಲ್ಲ, ಕಳಿಸಿದವರೂ ಹೇಳುವಂತಿಲ್ಲ. ಹೇಳಿದರೆ ನಡೆದದ್ದೆಲ್ಲ ನೀರುಪಾಲು. ನೆನಪಿದೆಯಾ?

ಕ್ರಿಸ್‌ಮಸ್ಸಿಗೆ ಬರುವುದು ಇನ್ನೂ ಗೊತ್ತಿಲ್ಲ. ಗೊತ್ತಾದ ಕೂಡಲೇ ತಿಳಿಸುತ್ತೇನೆ.

ನಿನ್ನ
ತ್ರೆಫಿನ್


ಲೊಕ್ಮೆರೆನ್
ಸೋಮವಾರ, ೧೫ ನವೆಂಬರ್

ತ್ರೆಫಿನ್,

ನಿನ್ನ ಪತ್ರವನ್ನು ಕಿಟಕಿಯ ಹತ್ತಿರ ಹಿಡಿದು ಓದಿದೆ, ದೀಪದ ಹತ್ತಿರ ಹಿಡಿದು ಓದಿದೆ. ಓದಿದಷ್ಟೂ ಅನುಮಾನ.

ಮೊದಲನೆಯದಾಗಿ ಅದು ನಿನ್ನ ಅಕ್ಷರವೇ ಅಲ್ಲ. ಶಾಲೆಯಲ್ಲಿ ಅಕ್ಷರಕ್ಕೆ ಬಹುಮಾನ ತೆಗೆದುಕೊಂಡವಳು ನೀನು. ಯಾರೋ ಹೆಗಲ ಮೇಲೆ ಕೈಯಿಟ್ಟು ಹೇಳಿ ಬರೆಸಿದರೆ ಹೀಗೆ ಸಾಲು ಓಲಾಡುತ್ತದೆ. ಇನ್ನು ಆ ಬಿಳೀ ಕಟ್ಟಡ! ಅಂಗಡಿ ಇಟ್ಟುಕೊಂಡವನು ನವೆಂಬರಿನಲ್ಲಿ ಹೆಂಡತಿಯನ್ನು ಗಾಳಿ ಕುಡಿಯಲು ಸಮುದ್ರದ ಹತ್ತಿರ ಕಳಿಸುತ್ತಾನಾ? ಮನೆಗೆ ಯಾರಾದರೂ ಬಂದು ನೋಡಬಾರದ್ದು ಇದ್ದರೆ ಕಳಿಸುತ್ತಾನೆ.

ಈಗ ಇದಕ್ಕೆ ಉತ್ತರ ಹೇಳು. "ಅಷ್ಟು ದೂರದಿಂದ ಬಂದವನು" ಎಂದು ಬರೆದಿದ್ದೀಯ. ಅವನು ಎಲ್ಲಿಂದ ಬಂದ ಎಂದು ನನಗೇ ಗೊತ್ತಿಲ್ಲ. ಗುರುವಾರದ ಬಸ್ಸಿನಲ್ಲಿ ಬಂದ ಎಂದಷ್ಟೇ ಬರೆದಿದ್ದೆ. ಆ ಬಸ್ಸು ಪಕ್ಕದ ಊರಿನಿಂದಲೂ ಬರುತ್ತದೆ. ದೂರ ಎಂದು ನಿನಗೆ ಹೇಳಿದವರು ಯಾರು?

ಅವನು ಇನ್ನೂ ಇಲ್ಲೇ ಇದ್ದಾನೆ. ಇಡೀ ವಾರ ಫಾಂತಿಗ್‌ಳ ಹೋಟೆಲಿನ ಮುಂದಿನ ಕಲ್ಲಿನ ಬೆಂಚಿನಲ್ಲಿ ಕೂತು ಗುಡಿಯನ್ನೇ ನೋಡುತ್ತಾನೆ. ಸೇಬಿನ ಹೆಂಡ ಕೊಟ್ಟರೆ ಬೇಡ ಎಂದು ಕೈಯಾಡಿಸುತ್ತಾನೆ. ಹಚ್ಚೆ ಹಾಕಿಸಿಕೊಂಡ ಗಂಡಸು ಸೇಬಿನ ಹೆಂಡ ಬೇಡ ಎಂದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಎರಡನೇ ಶುಕ್ರವಾರ ಮತ್ತೆ ಬಂದ, ಮತ್ತೆ ಕೈ ತಿರುಗಿಸಿದ, ಆ ಬೆತ್ತಲೆ ಹುಡುಗಿ ಮತ್ತೆ ಕುಣಿದಳು. ಈ ಸಲ ನಾನೂ ಹಿಂದೆಯೇ ಹೋದೆ. ಮೂರು ಸುತ್ತು ಅವನು, ಮೂರು ಸುತ್ತು ನಾನು. ಒಳಗೆ ಹೋಗಿ ಸಂತನ ಪಾದ ಮುಟ್ಟಿದ. ತಳಕ್ಕೆ ಹೊಡೆದ ಮೊಳೆ ಎಷ್ಟು ಗಟ್ಟಿ ಇದೆ ಎಂದು ಅಲ್ಲಾಡಿಸಿ ನೋಡುತ್ತಿದ್ದ, ಇನ್ನೇನು!

ಫಾಂತಿಗ್‌ಳನ್ನು ಕೇಳೋಣ ಎಂದು ಹೋದೆ. ನಲವತ್ತು ವರ್ಷದಲ್ಲಿ ಅವಳ ಹೊಸ್ತಿಲು ದಾಟಿದ್ದು ಅಪರೂಪ, ಗೊತ್ತಲ್ಲ ನಿನಗೆ.

"ಏನೇ, ನಿನ್ನ ಗಿರಾಕಿ ಮೂಕನಾ ಕಳ್ಳನಾ?" ಎಂದೆ.

"ಹರಕೆಯೋನು ಕಣೇ ಬಾರ್ಬಾ. ಯಾರದೋ ಪರವಾಗಿ ನಡೀತಿದಾನೆ. ನಿಮ್ಮಮ್ಮ ಮಾಡ್ತಿರ್ಲಿಲ್ವಾ? ಮೂರು ಶುಕ್ರವಾರ, ಮಾತಿಲ್ಲ ಕತೆಯಿಲ್ಲ, ಹೆಂಡ ಮುಟ್ಟಲ್ಲ. ಇಷ್ಟೂ ಗೊತ್ತಾಗಲ್ವಾ ನಿನಗೆ?"

"ನಮ್ಮಮ್ಮನ ತೋಳಿನ ಮೇಲೆ ಬೆತ್ತಲೆ ಹೆಂಗಸಿರ್ಲಿಲ್ಲ."

"ಇದ್ದಿದ್ರೆ ನೀನು ಇನ್ನೊಂಚೂರು ನಗ್ತಾ ಬೆಳೀತಿದ್ದೆ" ಎಂದಳು ಆ ಹಾಳಾದವಳು.

ಅವಳು ಹೇಳಿದಳೆಂದ ಮೇಲೆ ಅದು ಸುಳ್ಳೇ ಸರಿ. ನನ್ನ ಬಾಗಿಲ ಮುಂದಿನ ನೀಲಿ ಹೂವಿನ ಗಿಡದಿಂದ ಕಡ್ಡಿ ಮುರಿದುಕೊಂಡು ಹೋಗಿ, ಇದು ನನ್ನ ಅತ್ತೆಯ ಗಿಡ ಎಂದು ಎದೆ ಮುಟ್ಟಿ ಹೇಳಿದವಳು ಅವಳು. ಹರಕೆ ನಡೆಯುವವರು ಈ ಸೀಮೆಯ ಮುದುಕಿಯರು, ಕಪ್ಪು ಬಟ್ಟೆಯವರು. ಅವರ ಹೆಸರು, ಹೆತ್ತವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಗಂಡಸು, ಅದರಲ್ಲೂ ಇಂಥವನು, ಎಂದಾದರೂ ಬಂದದ್ದುಂಟಾ?

ನೀನೂ ಅದೇ ಹೊತ್ತಿಗೆ ಸರಿಯಾಗಿ ಅಮ್ಮನ ಹರಕೆಯ ಕಥೆ ಬರೆದು ನನ್ನನ್ನು ಕರಗಿಸಲು ನೋಡಿದ್ದೀಯ. ಇಬ್ಬರೂ ಒಂದೇ ಪಾಠ ಕಲಿತವರ ಹಾಗಿದೆ. ನೇರವಾಗಿ ಕೇಳುತ್ತೇನೆ: ಇವನನ್ನು ಕಳಿಸಿದವನು ನಿನ್ನ ಗಂಡನಾ? ನಮ್ಮ ಬೆಣ್ಣೆ ಬಿಟ್ಟು ಎಣ್ಣೆ ತಿನ್ನುವ ದಕ್ಷಿಣದವನನ್ನು ಮದುವೆಯಾಗಬೇಡ ಎಂದು ಆಗಲೇ ಹೇಳಿದ್ದೆ. ನಮ್ಮ ಸಂತನೇ ಬೇಕಾಯಿತಾ ಅವನಿಗೆ?

ಬೀಗದ ಕೈ ಈಗ ಮೊಳೆಯಲ್ಲಿಲ್ಲ. ನನ್ನ ಸೊಂಟದಲ್ಲಿದೆ.

ಬಾರ್ಬಾ


ಮಾರ್ಸೇ
ಬುಧವಾರ, ೧೭ ನವೆಂಬರ್

ಅಕ್ಕಾ,

ಒನೊರೆ ನನ್ನ ಹೆಗಲ ಮೇಲೆ ಕೈಯಿಟ್ಟು ಏನನ್ನೂ ಬರೆಸಿಲ್ಲ. ಅವನು ಸಂಜೆ ಬರುತ್ತಾನೆ, ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಾನೆ, ಹೋಗುತ್ತಾನೆ. ಅವನಿಗೆ ನಮ್ಮ ಸಂತನ ಹೆಸರು ಹೇಳಲೂ ಬರುವುದಿಲ್ಲ.

ನಾನು ನಿನ್ನನ್ನು ಇದುವರೆಗೆ ಏನಾದರೂ ಕೇಳಿದ್ದೇನಾ? ಮನೆಯಲ್ಲಿ ಪಾಲು ಕೇಳಲಿಲ್ಲ, ಅಮ್ಮನ ಕಪಾಟು ಕೇಳಲಿಲ್ಲ. ಇದೊಂದು ಕೇಳುತ್ತೇನೆ. ಶುಕ್ರವಾರ ಅವನು ಬಂದರೆ ಬೀಗದ ಕೈ ಕೊಡು. ಗುಡಿಯ ಕೆಳಗಿನ ನೀರಿನ ಚಿಲುಮೆಯ ಹತ್ತಿರ ಅವನು ಏನು ಮಾಡಿದರೂ ಮಾಡಲಿ, ನೀನು ದೂರ ಇರು. ಯಾಕೆ ಎಂದು ಕೇಳಬೇಡ. ನಾನು ಹೇಳುವ ಹಾಗಿಲ್ಲ.

ಹೇಳುವ ಹಾಗಿದ್ದರೆ ನಿನಗಲ್ಲದೆ ಇನ್ನಾರಿಗೆ ಹೇಳುತ್ತಿದ್ದೆ?

ತ್ರೆಫಿನ್


ಲೊಕ್ಮೆರೆನ್
ಶನಿವಾರ, ೨೦ ನವೆಂಬರ್

ತ್ರೆಫಿನ್,

ನಿನ್ನ ಪತ್ರ ಶುಕ್ರವಾರ ಬೆಳಗಿನ ಅಂಚೆಗೆ ಬಂತು. ಹೇಳುವ ಹಾಗಿಲ್ಲ ಎಂದೆಯಲ್ಲ, ಅಷ್ಟು ಸಾಕಾಯಿತು ನನಗೆ. ತಪ್ಪಿಲ್ಲದವರು ಹೇಳುತ್ತಾರೆ. ಅದರಲ್ಲೂ ಚಿಲುಮೆಯ ಮಾತು! ಅವನು ಚಿಲುಮೆಗೆ ಹೋಗುತ್ತಾನೆ ಎಂದು ನಿನಗೆ ಮೊದಲೇ ಗೊತ್ತಿತ್ತು. ಕಳ್ಳರ ಜೊತೆ ಸೇರಿದ ತಂಗಿಗೆ ಬರೆಯುತ್ತಿದ್ದೇನೆ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಕಣ್ಣಲ್ಲಿ ನೀರು ಬರುತ್ತಿದೆ, ಅದು ಸಿಟ್ಟಿಗೆ ಎಂದು ತಿಳಿದುಕೊ.

ನಡೆದದ್ದನ್ನು ಕೇಳು, ನಿನ್ನ ಗಂಡನಿಗೂ ಓದಿ ಹೇಳು. ಗುರುವಾರ ಸಂಜೆಯೇ ನಾನು ಸಂತನನ್ನು ನನ್ನ ಹಳೇ ಒಳಲಂಗದಲ್ಲಿ ಸುತ್ತಿ, ಒಂಟಿ ಗಾಲಿಯ ಕೈಗಾಡಿಯಲ್ಲಿ ಹಾಕಿ, ಮೇಲೆ ಕೋಸು ಹರಡಿ ಮನೆಗೆ ತಂದುಬಿಟ್ಟಿದ್ದೆ. ಈಗ ಅವನು ಕಪಾಟಿನ ಹಾಗೆ ಬಾಗಿಲಿರುವ ಅಜ್ಜಿಯ ಮಂಚದೊಳಗೆ ಮಲಗಿದ್ದಾನೆ. ನಾನು ಒಲೆಯ ಪಕ್ಕ ನೆಲದ ಮೇಲೆ.

ಶುಕ್ರವಾರ ಆ ಮನುಷ್ಯ ಬಂದು ಕೈ ತಿರುಗಿಸಿದ. ನಾನು ಸೊಂಟ ತಟ್ಟಿ ತೋರಿಸಿ, "ಕೊಡಲ್ಲ, ಏನ್ ಮಾಡ್ತೀಯ?" ಎಂದೆ. ಅವನು ಟೋಪಿ ಹಾಕಿಕೊಂಡ. ಆಮೇಲೆ ಗುಡಿಗೆ ಹೋಗಿ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದ. ಸಂತನ ಗೂಡು ಖಾಲಿ. ತಿರುಗಿ ನನ್ನನ್ನು ನೋಡಿದ, ಕದ್ದವಳು ನಾನೇ ಎನ್ನುವ ಹಾಗೆ! ಎಷ್ಟು ಧೈರ್ಯ ನೋಡು. ಆದರೂ ಮೂರು ಸುತ್ತು ನಡೆದ. ಆಮೇಲೆ ಇಳಿಜಾರಿನಲ್ಲಿ ಚಿಲುಮೆಯ ತೊಟ್ಟಿಯ ಕಡೆ ಹೋದ. ಅಂಗಿಯೊಳಗಿಂದ ಒಂದು ಬಿಳೀ ಬಟ್ಟೆಯ ಗಂಟು ತೆಗೆದು, ಮಂಡಿಯೂರಿ ಕೂತು ನೀರಿಗೆ ಬಿಟ್ಟ.

ನನಗೆ ತಕ್ಷಣ ಹೊಳೆಯಿತು. ಹಳೇ ಮರದ ಮೂರ್ತಿಯನ್ನು ದೂರ ಸಾಗಿಸುವಾಗ ಬಿರುಕು ಬಿಡದಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಾರೆ. ಹಳೇ ಸಾಮಾನಿನವರಿಗಲ್ಲದೆ ಇದು ಇನ್ನಾರಿಗೆ ಗೊತ್ತು? ಸಂತ ಕಾಣದಿದ್ದರೂ ಅವನು ಬಟ್ಟೆ ನೆನೆಸುತ್ತಾನೆ ಎಂದರೆ, ಸಂತ ನನ್ನ ಮನೆಯಲ್ಲಿದ್ದಾನೆ ಎಂದು ಊಹಿಸಿದ್ದಾನೆ ಎಂದೇ ಅರ್ಥ. ಎಲೆ ಗುಡಿಸುವ ಕುಂಟೆ ಗೋಡೆಗೆ ಒರಗಿತ್ತು. ತೆಗೆದುಕೊಂಡು ಓಡಿದೆ, ಈ ಮಂಡಿಯಲ್ಲಿ! ಬಟ್ಟೆ ಇನ್ನೂ ನೀರಿನ ಮೇಲೆ ಸರಿಯಾಗಿ ಹರಡಿರಲಿಲ್ಲ, ಕುಂಟೆಗೆ ಸಿಕ್ಕಿಸಿ ಸರಕ್ಕನೆ ಎಳೆದುಬಿಟ್ಟೆ.

ಆ ಮನುಷ್ಯ ಬಾಯಿ ತೆರೆದ. ಕೂಗುತ್ತಾನೆ ಎಂದುಕೊಂಡೆ. ಕೂಗಲಿಲ್ಲ. ತನ್ನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ದೊಡ್ಡ ಗಂಡಸು, ಭುಜ ಅಲುಗುವ ಹಾಗೆ.

ಪೊಲೀಸರು ಬಂದರು. ನಾನೇ ಅಂಚೆಯವನ ಕೈಲಿ ಹೇಳಿ ಕಳಿಸಿದ್ದೆ. ಠಾಣೆಯ ಮುಖ್ಯಸ್ಥ, "ಏನಮ್ಮಾ, ಏನು ಕದ್ದ ಇವನು?" ಎಂದ. "ಕದಿಯೋಕೆ ಮುಂಚೆನೇ ಹಿಡ್ಕೊಟ್ಟಿದೀನಿ, ಅದೇ ತಪ್ಪಾ?" ಎಂದೆ. ಅವರು ಎಷ್ಟು ಕೇಳಿದರೂ ಅವನು ಹೆಸರು ಕೂಡ ಹೇಳಲಿಲ್ಲ. ಜೇಬಿನ ಕಾಗದ ನೋಡಿದರು: ಗೊನೇರಿ ಎಂದು ಹೆಸರು, ಹಡಗಿನಲ್ಲಿ ಅಡುಗೆಯವನಾಗಿದ್ದವನು, ಹುಟ್ಟಿದ್ದು ನಮ್ಮ ಬ್ರೆಟನ್ ಸೀಮೆಯಲ್ಲೇ. ವಿಳಾಸ ಯಾವ ಊರಿನದು ಎಂದು ಹೇಳಲಾ? ಮಾರ್ಸೇ. ನಿನ್ನದೇ ಬೀದಿ.

ಇನ್ನೇನು ಬೇಕು ನನಗೆ? ಕರೆದುಕೊಂಡು ಹೋದರು. ಫಾಂತಿಗ್ ಪೊಲೀಸರ ಗಾಡಿಯ ಹಿಂದೆ ಓಡಿದಳು, ನನ್ನ ಕಡೆ ತಿರುಗಿ ಉಗಿದಳು. ಬಟ್ಟೆಯನ್ನು ಸಾಕ್ಷಿಗೆಂದು ಬಕೆಟ್ಟಿನಲ್ಲಿ ಹಾಕಿಟ್ಟಿದ್ದೆ, ಅದನ್ನು ಒಯ್ಯಲು ಅವರಿಗೆ ನೆನಪಿರಲಿಲ್ಲ. ನಮ್ಮ ಪೊಲೀಸರು ಅಂಥವರು.

ಸಂತ ಉಳಿದ. ತಂಗಿ ಉಳಿದಳೋ ಇಲ್ಲವೋ ನೀನೇ ಹೇಳಬೇಕು.

ಬಾರ್ಬಾ


ಮಾರ್ಸೇ
ಮಂಗಳವಾರ, ೨೩ ನವೆಂಬರ್

ಅಕ್ಕಾ,

ಈಗ ಹೇಳಬಹುದು. ಮುರಿದುಹೋದದ್ದನ್ನು ಇನ್ನು ಮುಚ್ಚಿಡುವುದು ಏನಿದೆ?

ಬೇಸಿಗೆಯಿಂದ ನನ್ನ ಎದೆ ಕೆಟ್ಟಿದೆ. ಮೆಟ್ಟಿಲು ಹತ್ತಲಾರೆ, ಮಲಗಲಾರೆ, ಕೂತೇ ನಿದ್ದೆ. ಆಪರೇಷನ್ ಮಾಡಿದರೆ ಬದುಕಬಹುದು, ಮಾಡುವಾಗಲೇ ಹೋಗಲೂಬಹುದು ಎಂದು ಡಾಕ್ಟರು ಹೇಳಿದರು. ಮಾಡಿಸಬೇಕೋ ಬೇಡವೋ ಎಂದು ನನಗೆ ತೀರ್ಮಾನ ಮಾಡಲು ಆಗಲಿಲ್ಲ. ಆಗ ನಮ್ಮ ಸಂತ ನೆನಪಾದ. ಗೊನೇರಿ ನಮ್ಮ ಕೆಳಗಿನ ಮನೆಯವನು, ನಮ್ಮ ಕಡೆಯವನೇ. ಕೇಳಿದ ಕೂಡಲೇ ಒಪ್ಪಿದ. ಕುಂಟು ಕಾಲಿನಲ್ಲಿ ಅಷ್ಟು ದೂರ ಬೇಡ ಎಂದರೆ, "ಕಾಲು ಕುಂಟಾದ್ರೇನು, ಬಾಯಿ ಗಟ್ಟಿಯಾಗಿ ಮುಚ್ಕೋತೀನಲ್ಲ" ಎಂದ.

ಆಪರೇಷನ್ ಬರುವ ಮಂಗಳವಾರ. ಬೇಡ ಎನ್ನಲು ಸೋಮವಾರದವರೆಗೆ ಸಮಯ ಇದೆ.

ಅವನು ನೀರಿಗೆ ಬಿಟ್ಟದ್ದು ನನ್ನ ಕುಪ್ಪಸ. ತೇಲಿದರೆ ಬದುಕುವ ಕಡೆ, ಮುಳುಗಿದರೆ ಸಾಯುವ ಕಡೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಒಂದೇ ಒಂದು ಮಾತು ಹೇಳು, ಸುಳ್ಳು ಬೇಡ. ನೀನು ಹತ್ತಿರ ಇದ್ದೆ, ನೀನು ನೋಡಿದ್ದೀಯ.

ಅದು ತೇಲಿತಾ, ಮುಳುಗಿತಾ?

ತ್ರೆಫಿನ್


ಲೊಕ್ಮೆರೆನ್
ಶುಕ್ರವಾರ, ೨೬ ನವೆಂಬರ್

ನನ್ನ ಪುಟ್ಟ ತ್ರೆಫಿನ್,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಇದು ನನ್ನ ಜೇಬಿನಲ್ಲೇ ಬರುತ್ತದೆ. ನಿನ್ನ ಹಾಸಿಗೆಯ ಹತ್ತಿರ ಬಂದು ನಾನು ಮೊದಲು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಮಾತಾಡದೆ ನಿಂತಿದ್ದಾಳಲ್ಲ, ಇನ್ನೂ ಸಿಟ್ಟಿನಲ್ಲಿದ್ದಾಳೆ ಎಂದುಕೊಳ್ಳಬೇಡ. ಓದಿದರೆ ತಿಳಿಯುತ್ತದೆ.

ನಿನ್ನೆ ನಿನ್ನ ಪತ್ರ ಓದಿ ಬಕೆಟ್ಟಿನ ಹತ್ತಿರ ಹೋದೆ. ಬಟ್ಟೆ ಬಿಡಿಸಿ ನೋಡಿದೆ. ಎಡಗೈ ಪಟ್ಟಿಯಲ್ಲಿ ಬಿಳೀ ದಾರದ ನಡುವೆ ಒಂದಷ್ಟು ನೀಲಿ ಹೊಲಿಗೆ. ಯುದ್ಧದ ಕಾಲದಲ್ಲಿ ಬಿಳೀ ದಾರ ಮುಗಿದು ಎಲ್ಲೂ ಸಿಗದೆ, ನಿನ್ನ ಮದುವೆಗೆ ಇದೇ ಇರಲಿ ಎಂದು ನಾನೇ ನೀಲಿಯಲ್ಲಿ ಹೊಲಿದದ್ದು. ನನ್ನ ಕೈಯ ಹೊಲಿಗೆಯನ್ನು ಕುಂಟೆಯಲ್ಲಿ ಎಳೆದು, ಆರು ದಿನ ಕೊಳೆ ನೀರಿನಲ್ಲಿ ಹಾಕಿಟ್ಟು, ಸಾಕ್ಷಿ ಎಂದು ಕಾದೆನಲ್ಲ! ನೆಲದ ಮೇಲೆ ಕೂತು ಅತ್ತೆ. ಮಂಚದೊಳಗಿಂದ ಸಂತ ನೋಡುತ್ತಿದ್ದ, ಮೂಗಿಲ್ಲದ ಮುಖದಲ್ಲಿ.

ಅಮ್ಮನ ಕಥೆ ನೀನು ಬರೆದಿದ್ದೆ, ಫಾಂತಿಗ್ ಬಾಯಿ ಬಿಟ್ಟು ಹೇಳಿದ್ದಳು. ಊರಿಗೆಲ್ಲ ಗೊತ್ತಾದದ್ದು ಬೀಗದ ಕೈ ಇಟ್ಟುಕೊಂಡವಳಿಗೆ ಗೊತ್ತಾಗಲಿಲ್ಲ. ನಾನು ಕಳ್ಳನನ್ನೇ ಹುಡುಕುತ್ತಿದ್ದೆ, ಅದಕ್ಕೆ ಕಳ್ಳನೇ ಕಂಡ.

ನಿನ್ನೆಯೇ ಫಾಂತಿಗ್‌ಳ ಹೋಟೆಲಿಗೆ ಹೋದೆ. ಗೊನೇರಿಯನ್ನು ಪೊಲೀಸರು ಶನಿವಾರವೇ ಬಿಟ್ಟಿದ್ದರು. ಊರಿಗೆ ಮರಳಲು ಮುಖವಿಲ್ಲದೆ ಅದೇ ಬೆಂಚಿನಲ್ಲಿ ಕೂತಿದ್ದ, ನಾನೇ ಇಷ್ಟು ದಿನ ಪರದೆ ಎಳೆದುಕೊಂಡು ಆ ಕಡೆ ನೋಡಿರಲಿಲ್ಲ. ಇನ್ನೂ ಮಾತಾಡುತ್ತಿರಲಿಲ್ಲ, ಪುಣ್ಯಾತ್ಮ. ಠಾಣೆಯಲ್ಲಿ ಒಂದು ಮಾತು ಹೇಳಿದ್ದರೆ ಆ ಸಂಜೆಯೇ ಬಿಟ್ಟುಕಳಿಸುತ್ತಿದ್ದರು. ಮುರಿದ ಹರಕೆಯನ್ನೂ ಹಾಗೇ ಹಿಡಿದುಕೊಂಡು ಕೂತಿದ್ದ. ನಾನು ಅವನ ಮುಂದೆ ನಿಂತು, "ತಪ್ಪಾಯ್ತಪ್ಪಾ. ಅವಳು ನನ್ನ ತಂಗಿ. ನನಗೆ ಗೊತ್ತಿರ್ಲಿಲ್ಲ" ಎಂದೆ. ಅವನು ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಕೂತೆ. ಫಾಂತಿಗ್ ಒಳಗಿನಿಂದ ಎರಡು ಬಟ್ಟಲು ಕಾಫಿ ತಂದಿಟ್ಟು, "ಇದರಲ್ಲಿ ಏನೂ ಬೆರೆಸಿಲ್ಲ ಕಣೇ, ಧೈರ್ಯವಾಗಿ ಕುಡಿ" ಎಂದಳು. ಕುಡಿದೆ.

"ಈಗ ಏನ್ ಮಾಡೋದೇ ಫಾಂತಿಗ್?"

"ಮೂರನೇ ಶುಕ್ರವಾರ ಹಾಳು ಮಾಡಿದೋಳು ನೀನು. ನಾಳೆ ಶುಕ್ರವಾರಾನೇ. ನೀನೇ ನಡಿ. ಆದ್ರೆ ಬಾಯಿ ಮುಚ್ಕೊಂಡಿರೋಕಾಗುತ್ತಾ ನಿನ್ ಕೈಲಿ?"

"ನೋಡ್ತಾ ಇರು" ಎಂದೆ. ಅದೇ ನನ್ನ ಕೊನೆಯ ಮಾತು. ಆಗಿನಿಂದ ಈವರೆಗೆ ನಾನು ತುಟಿ ಬಿಚ್ಚಿಲ್ಲ.

ಈ ಬೆಳಿಗ್ಗೆ ಸಂತನನ್ನು ಕೈಗಾಡಿಯಲ್ಲಿ ಇಟ್ಟು, ಕೋಸು ಗೀಸು ಮುಚ್ಚದೆ, ಎಲ್ಲರೂ ನೋಡುವ ಹಾಗೆ ಚೌಕದ ನಡುವೆಯೇ ತಂದೆ. ಗೊನೇರಿ ಗಾಡಿ ತಳ್ಳಿದ, ನಾನು ಸಂತನ ಹೆಗಲು ಹಿಡಿದುಕೊಂಡಿದ್ದೆ. ಮಾಂಸದಂಗಡಿಯವನು ಅಂಗಡಿ ಬಿಟ್ಟು ಹೊರಬಂದು, "ಬಾರ್ಬಕ್ಕಾ, ಸಂತನ್ನ ನೀನೇ ಕದ್ದಿದ್ಯಾ?" ಎಂದ. ಒಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಎಂಥ ಉತ್ತರ ಅಂತೀಯ! ನುಂಗಿದೆ. ನಿನಗಾಗಿ ನುಂಗಿದೆ. ಕಿಟಕಿ ಕಿಟಕಿಯ ಪರದೆ ಸರಿದು ಮುಖಗಳು ಇಣುಕಿದವು. ಇಷ್ಟು ವರ್ಷ ನಾನು ನೋಡಿದ ಹಾಗೆಯೇ ಎಲ್ಲರೂ ನನ್ನನ್ನು ನೋಡಿದರು. ಅದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಸಂತನನ್ನು ಗೂಡಿನಲ್ಲಿ ಮತ್ತೆ ನಿಲ್ಲಿಸಿ ಮೂರು ಸುತ್ತು ನಡೆದೆ. ಮಂಡಿ ಉರಿಯುತ್ತಿತ್ತು. ಅಂಗೈಯನ್ನು ಗೋಡೆಗೆ ಒತ್ತಿಕೊಂಡೇ ನಡೆದೆ. ಕುಂಟುವವರಿಗೆ ಆಸರೆಗೆ ಗೋಡೆ ಬೇಕಾಗುತ್ತದೆ, ಅಷ್ಟೇ ಕಾರಣ ಕಣೇ. ಗೊನೇರಿ ಹಿಂದೆಯೇ ಬಂದ, ಈ ಸಲ ಅವನು ನನ್ನನ್ನು ಕಾಯುತ್ತಾ.

ಈಗ ನಿನ್ನ ಪ್ರಶ್ನೆ. ಸುಳ್ಳು ಬೇಡ ಎಂದೆಯಲ್ಲ, ಹೇಳುವುದಿಲ್ಲ. ತೇಲಿತು ಎಂದು ಬರೆಯಲು ಲೇಖನಿ ಎತ್ತಿದ್ದೆ, ಕೈ ಬರಲಿಲ್ಲ. ಅದು ತೇಲಲೂ ಇಲ್ಲ, ಮುಳುಗಲೂ ಇಲ್ಲ ತ್ರೆಫಿನ್. ಸಂತ ಇನ್ನೂ ಏನೂ ಹೇಳಿರಲಿಲ್ಲ, ಅಷ್ಟರಲ್ಲಿ ನಾನು ಅವನ ಬಾಯಿಂದ ಕಿತ್ತುಕೊಂಡೆ. ಇವತ್ತು ಮತ್ತೆ ನೀರಿಗೆ ಬಿಡು ಎಂದು ಫಾಂತಿಗ್ ಸನ್ನೆ ಮಾಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಬಿಡಲು ನನ್ನ ಕೈಲಾಗಲಿಲ್ಲ. ಮುಳುಗಿದರೆ ಅದನ್ನು ನೋಡಿಕೊಂಡು ನಿಲ್ಲಲು ನಾನು ಸಿದ್ಧಳಿಲ್ಲ.

ಆದ್ದರಿಂದ ಈ ಕಡೆ ಆ ಕಡೆ ಎರಡನ್ನೂ ಬಿಟ್ಟು ನನ್ನ ಮಾತು ಕೇಳು. ಆಪರೇಷನ್ ಮಾಡಿಸಿಕೊ. ಇದು ಸಂತನ ತೀರ್ಮಾನವಲ್ಲ, ನಿನ್ನ ಅಕ್ಕನದು.

ಕುಪ್ಪಸವನ್ನು ತೊಳೆದು, ಇಸ್ತ್ರಿ ಮಾಡಿ, ಉಪ್ಪು ಬೆಣ್ಣೆಯ ಡಬ್ಬಿಯ ಜೊತೆ ಚೀಲದಲ್ಲಿ ಇಟ್ಟಿದ್ದೇನೆ. ಬೆಣ್ಣೆ ಒನೊರೆಗೆ, ನಿನಗಲ್ಲ. ತಿನ್ನುತ್ತಾನೋ ಇಲ್ಲವೋ ನೋಡಿಯೇಬಿಡೋಣ. ಸಂಜೆಯ ಬಸ್ಸು, ಅಲ್ಲಿಂದ ರೈಲು. ಜೊತೆಗೆ ಗೊನೇರಿ. ಊರಿಗೇ ಬಾಯಿಯಾಗಿದ್ದ ಬಾರ್ಬಾ, ಮಾತಾಡದ ಹಡಗಿನ ಅಡುಗೆಯವನು, ಇಬ್ಬರೂ ಎದುರುಬದುರು ಕೂತು ಒಂದು ಮಾತೂ ಇಲ್ಲದೆ ಇಡೀ ದೇಶ ದಾಟುತ್ತೇವೆ. ಟಿಕೆಟ್ ನೋಡುವವನು ನಮ್ಮನ್ನು ಏನೆಂದು ಅನುಮಾನಿಸುತ್ತಾನೋ!

ಗುಡಿಯ ಬೀಗದ ಕೈಯನ್ನು ಫಾಂತಿಗ್‌ಳ ಮನೆಯ ಮೊಳೆಗೆ ಹಾಕಿ ಬಂದೆ. ಅವಳು ನನ್ನನ್ನೂ ಬೀಗದ ಕೈಯನ್ನೂ ನೋಡಿದಳು. "ಏನೇ ಇದು, ನನಗಾ?" ಎಂದಳು. ಹೌದೆಂದು ತಲೆಯಾಡಿಸಿದೆ. ಅವಳು ಹೊದ್ದಿದ್ದ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ನಾನಿಲ್ಲದಾಗ ನನ್ನ ಗಿಡದಿಂದ ಇನ್ನೊಂದು ಕಡ್ಡಿ ಮುರಿಯುತ್ತಾಳೆ, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಮುರಿದುಕೊಳ್ಳಲಿ.

ಈಗ ಪತ್ರ ಮಡಿಸಿಟ್ಟು ನನ್ನ ಕಡೆ ನೋಡು. ನಿನ್ನ ಹೊಸ್ತಿಲು ದಾಟಿದರೆ ಬಾಯಿ ಬಿಡಬಹುದು, ನಿಜ. ಆದರೆ ನಾನು ಇನ್ನೂ ಬಿಟ್ಟಿಲ್ಲ. ಮಂಗಳವಾರ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ, ಮತ್ತೆ ಹೊರಗೆ ತಂದು, ನೀನು ಕಣ್ಣು ಬಿಟ್ಟು ನನ್ನನ್ನು ನೋಡುವವರೆಗೆ ನಾನು ಹೀಗೇ ಕೂತಿರುತ್ತೇನೆ. ಬೇಕಾದರೆ ಕಚಗುಳಿ ಇಡು. ಬೆಕ್ಕಿನ ಹಾಗೆ ಕೂಗು. ನಗುವುದಿಲ್ಲ.

ನಿನ್ನ ಅಕ್ಕ,
ಬಾರ್ಬಾ